ಗೈರುಹಾಜರಿಯೂ ಸೊನ್ನೆಯೂ ಒಂದೇ ಅಲ್ಲ



ಈ ಪುಟದಲ್ಲಿ ಸಾಮಾನ್ಯವಾಗಿ ಹಳೆಯ ದಿನಗಳ ನೆನಪುಗಳನ್ನು ಬರೆಯುತ್ತೇನೆ. ಇಂದು ಬರೆಯುತ್ತಿರುವುದು ಜಗಳ. ಜಗಳವು ನಿಮ್ಮಲ್ಲಿ ಗಣಕಯಂತ್ರದ ವೃತ್ತಿಯಲ್ಲಿರುವವರೊಡನೆ. ಉಳಿದವರು, ವಿಶೇಷವಾಗಿ ನಮ್ಮ ಬಂಧುಗಳು, ಪಂಚಾಯಿತಿಗೆ ಕುಳಿತವರಂತೆ ಕೇಳಿಸಿಕೊಂಡರೆ ಸಾಕು. ನಿಮಗೂ ಅರ್ಥವಾಗುವಂತೆ ಬರೆಯಲು ಯತ್ನಿಸುತ್ತೇನೆ. ೩೪ ವರ್ಷ ಗಣಿತ ಹೇಳಿಕೊಟ್ಟವನಿಗೆ ಅಷ್ಟೂ ಆಗದಿದ್ದರೆ ಹೇಗೆ?

ಮೊದಲು ನಡೆದ ಸಂಗತಿ. ೨೦೦೯ರಲ್ಲಿ ನಿವೃತ್ತನಾದ ಮೇಲೆ ನಾನು ಕೈಗೆತ್ತಿಕೊಂಡ ಕೆಲಸ ನಿಮ್ಮಲ್ಲಿ ಹಲವರಿಗೆ ಗೊತ್ತು. ಪ್ರತಿ ವರ್ಷವೂ ಪರೀಕ್ಷೆಗೆ ಮುನ್ನ ಶಾಲೆಯ ಎದುರಿನ ಹೊಂಗೆಯ ಮರದಡಿ ಬೆಂಚುಗಳನ್ನು ಜೋಡಿಸಿ ತೆಗೆಸುತ್ತಿದ್ದ ತರಗತಿಯ ಭಾವಚಿತ್ರಗಳನ್ನು ಒಂದೊಂದಾಗಿ ಸಂಗ್ರಹಿಸಿ, ಸ್ಕ್ಯಾನ್ ಮಾಡಿ, ಯಾರ ಪಕ್ಕದಲ್ಲಿ ಯಾರು ನಿಂತಿದ್ದಾರೆಂಬ ವಿವರದೊಡನೆ ಜೋಡಿಸಿಡುವುದು. ೧೯೭೫ರಿಂದ ೨೦೦೯ರವರೆಗಿನ ತರಗತಿಯ ಚಿತ್ರಗಳು, ಜೊತೆಗೆ ನಾಟಕ, ಪ್ರವಾಸ, ಬೀಳ್ಕೊಡುಗೆಗಳ ಚಿತ್ರಗಳು, ಎಲ್ಲವೂ ಸೇರಿ ೪೧೨ ಆಗಿದ್ದವು. ಅವು ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿದ್ದವು. ಅವುಗಳ ನಕಲು ಉಬುಂಟು ಹಾಕಿಸಿಕೊಂಡಿರುವ ನನ್ನ ಹಳೆಯ ಕಂಪ್ಯೂಟರಿನಲ್ಲಿತ್ತು.

೨೦೨೩ರ ಯುಗಾದಿಗೆ ಊರಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮ ಮನೆಗೂ ಬಂದ. ಹೆಸರು ಬೇಡ, ಅವನೂ ಇದನ್ನು ಓದುತ್ತಾನೆ. "ಸಾರ್, ನೀವ್ಯಾಕೆ ದಿನಾ ಕೈಯಲ್ಲಿ ಕಾಪಿ ಮಾಡ್ತೀರ? ಒಂದು ಸ್ಕ್ರಿಪ್ಟ್ ಬರ್ಕೊಡ್ತೀನಿ, ಅದೇ ನೋಡ್ಕೊಳ್ಳುತ್ತೆ" ಎಂದವನು, ಹೋಳಿಗೆ ತಿಂದ ಕೈ ತೊಳೆದು ಕುಳಿತು, ಅರ್ಧ ಗಂಟೆಯಲ್ಲಿ ಮೂವತ್ತು ಸಾಲು ಬರೆದು ಎದ್ದ. ಅದು ಪ್ರತಿರಾತ್ರಿ ಹನ್ನೊಂದಕ್ಕೆ ತಾನಾಗಿಯೇ ನಡೆಯುತ್ತಿತ್ತು. ಮಾಡುತ್ತಿದ್ದುದಿಷ್ಟು: ಮೊದಲ ಡಿಸ್ಕಿನಲ್ಲಿರುವ ಕಡತಗಳ ಪಟ್ಟಿಯನ್ನು ‘ಫೈಂಡ್’ ಎಂಬ ಕಮಾಂಡಿನಿಂದ ಕೇಳಿ ಪಡೆಯುವುದು, ಹೊಸದಾಗಿ ಬಂದಿರುವುದನ್ನು ನಕಲು ಮಾಡುವುದು, ನಕಲಿನಲ್ಲಿದ್ದು ಪಟ್ಟಿಯಲ್ಲಿ ಇಲ್ಲದಿರುವುದನ್ನು ಅಳಿಸುವುದು. ನಾನು ಆಗಾಗ ಚಿತ್ರಗಳ ಹೆಸರನ್ನು ತಿದ್ದುತ್ತಿದ್ದುದರಿಂದ ಹಳೆಯ ಹೆಸರಿನ ನಕಲು ಉಳಿದು ಗೊಂದಲವಾಗಬಾರದೆಂಬುದು ಅವನ ಉದ್ದೇಶ. ಉದ್ದೇಶ ಒಳ್ಳೆಯದೇ.

೨೦೨೪ರ ಜುಲೈನಲ್ಲಿ, ಆಷಾಢದ ಗಾಳಿಮಳೆಯ ಒಂದು ಸಂಜೆ, ವಿದ್ಯುತ್ತು ನಾಲ್ಕಾರು ಬಾರಿ ಹೋಗಿ ಬಂತು. ಹೊರಗಿನ ಡಿಸ್ಕು ಆ ಹೊಡೆತಕ್ಕೆ ಸಿಕ್ಕು ಮೇಲೇಳಲಿಲ್ಲ. ರಾತ್ರಿ ಹನ್ನೊಂದಕ್ಕೆ ಸ್ಕ್ರಿಪ್ಟು ಎಂದಿನಂತೆ ಎದ್ದು ಪಟ್ಟಿ ಕೇಳಿತು. ಪಟ್ಟಿ ಖಾಲಿಯಾಗಿ ಬಂತು. ಮೂಲದಲ್ಲಿ ಏನೂ ಇಲ್ಲವೆಂದ ಮೇಲೆ ನಕಲಿನಲ್ಲೇಕೆ ಇರಬೇಕು? ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ದಿನಚರಿಯ ಕಡತವನ್ನು ತೆರೆದಾಗ ಅಲ್ಲಿ ಬರೆದಿದ್ದುದು: ನಕಲಾದದ್ದು ೦, ಅಳಿಸಿದ್ದು ೪೧೨, ಕೆಲಸ ಯಶಸ್ವಿ.

ಬೇಲಿಯೇ ಎದ್ದು ಹೊಲ ಮೇಯುವುದೆಂಬ ಮಾತನ್ನು ನಾನು ಎಷ್ಟೋ ಬಾರಿ ವಿಸ್ತರಿಸಿ ಬರೆಯಲು ಕೊಟ್ಟಿದ್ದೇನೆ. ಇಷ್ಟು ಚೊಕ್ಕವಾದ ಉದಾಹರಣೆ ಯಾರೂ ಬರೆದಿರಲಿಲ್ಲ.

ಫೋನಿನಲ್ಲಿ ವಿದ್ಯಾರ್ಥಿ ನೊಂದುಕೊಂಡ, ನಿಜ. ಆದರೆ ನೊಂದುಕೊಂಡ ಮೇಲೆ ಹೇಳಿದ್ದು ಇದು: "ಡಿಸ್ಕ್ ಹೋದ್ರೆ ಸ್ಕ್ರಿಪ್ಟ್ ಏನ್ ಮಾಡುತ್ತೆ ಸಾರ್? ಲಿಸ್ಟ್ ಎಂಪ್ಟಿ ಬಂತು, ಅದು ಅದರ ಲಾಜಿಕ್ ಪ್ರಕಾರ ಸರಿಯಾಗೇ ಕೆಲಸ ಮಾಡಿದೆ." ನನ್ನ ಜಗಳ ಈ ಎರಡನೆಯ ವಾಕ್ಯದೊಡನೆ. ಅದನ್ನು ಅವನೊಬ್ಬನೇ ಹೇಳಿದ್ದರೆ ಬಿಟ್ಟುಬಿಡುತ್ತಿದ್ದೆ. ಆಮೇಲಿನ ತಿಂಗಳುಗಳಲ್ಲಿ ನಿಮ್ಮಲ್ಲಿ ಐದಾರು ಮಂದಿಯನ್ನು ಕೇಳಿದೆ. ಹೆಚ್ಚುಕಡಿಮೆ ಎಲ್ಲರೂ ಅದನ್ನೇ ಹೇಳಿದಿರಿ.

ವೃತ್ತಿಯವರಲ್ಲದವರಿಗಾಗಿ ಸ್ವಲ್ಪ ವಿವರಣೆ. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಬರೆದುಕೊಟ್ಟ ಕೆಲಸದ ಚೀಟಿ. ಆ ಚೀಟಿ ತಾನೇ ಎಲ್ಲವನ್ನೂ ಮಾಡುವುದಿಲ್ಲ. ನಡುನಡುವೆ ಬೇರೆ ಕಮಾಂಡುಗಳನ್ನು ಕರೆದು, ಅವು ಹೇಳಿದ್ದನ್ನು ಒಂದು ಚರಾಕ್ಷರದಲ್ಲಿ ತುಂಬಿಕೊಂಡು ಮುಂದುವರಿಯುತ್ತದೆ. ಬೀಜಗಣಿತದ ನಮ್ಮ ಎಕ್ಸ್, ವೈಗಳೇ. ಬೆಲ್ ಪ್ರಯೋಗಾಲಯದ ಸ್ಟೀಫನ್ ಬೋರ್ನ್ ಬರೆದ ಶೆಲ್ ೧೯೭೯ರಲ್ಲಿ ಯುನಿಕ್ಸಿನ ಏಳನೆಯ ಆವೃತ್ತಿಯೊಡನೆ ಹೊರಬಂದಾಗಲೇ ಈ ಸೌಲಭ್ಯವಿತ್ತು: ಎರಡು ಓರೆ ಚುಕ್ಕಿಗಳ ನಡುವೆ ಕಮಾಂಡನ್ನು ಬರೆದರೆ ಅದರ ಔಟ್‌ಪುಟ್ ಆ ಜಾಗಕ್ಕೆ ಬಂದು ಕೂರುತ್ತಿತ್ತು. ಮುಂದೆ ಡೇವಿಡ್ ಕಾರ್ನ್ ಅವರ ಶೆಲ್ಲಿನಿಂದ ಡಾಲರ್ ಚಿಹ್ನೆಯೊಡನೆ ಆವರಣ ಹಾಕುವ ಕ್ರಮ ಬಂದು ಅದೇ ನೆಲೆನಿಂತಿದೆ. ಒಂದರೊಳಗೊಂದು ಬರೆಯಲು ಅದೇ ಅನುಕೂಲ.

ಆದರೆ ಕರೆಸಿಕೊಂಡ ಕಮಾಂಡು ಒಂದೇ ಬಾಯಿಯಿಂದ ಮಾತನಾಡುವುದಿಲ್ಲ. ಕೇಳಿದ್ದಕ್ಕೆ ಉತ್ತರವನ್ನು ಒಂದು ದಾರಿಯಲ್ಲಿ ಕಳಿಸುತ್ತದೆ. ದೂರುಗಳನ್ನು ಇನ್ನೊಂದು ದಾರಿಯಲ್ಲಿ ಕಳಿಸುತ್ತದೆ. ಕೊನೆಗೆ ಹೋಗುವಾಗ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ: ೦ ಇದ್ದರೆ ಕೆಲಸವಾಯಿತು, ೧ರಿಂದ ೨೫೫ರವರೆಗೆ ಬೇರೇನಿದ್ದರೂ ಎಲ್ಲೋ ಎಡವಟ್ಟಾಗಿದೆ. ಚರಾಕ್ಷರಕ್ಕೆ ಬಂದು ಸೇರುವುದು ಮೊದಲನೆಯದು ಮಾತ್ರ. ಉಳಿದೆರಡನ್ನು ನೀವು ಕೇಳಿ ಪಡೆಯಬೇಕು.

ಭಾವಚಿತ್ರದ ದಿನವನ್ನೇ ನೆನಪಿಸಿಕೊಳ್ಳಿ. ಛಾಯಾಗ್ರಾಹಕರು ಎಷ್ಟು ಬೆಂಚು ಬೇಕೆಂದು ಕೇಳುತ್ತಿದ್ದರು. ನಾನು ಒಬ್ಬ ಹುಡುಗನನ್ನು "ಎಂಟನೇ ಬಿ ವಿಭಾಗಕ್ಕೆ ಹೋಗಿ ಎಷ್ಟು ಜನ ಇದ್ದಾರೆ ಕೇಳ್ಕೊಂಡು ಬಾ" ಎಂದು ಅಟ್ಟುತ್ತಿದ್ದೆ. ಅವನು ಹೋಗಿ ಬಂದು ಬಾಯಿ ಬಿಡದೆ ನಿಂತನೆನ್ನಿ. ಆ ತರಗತಿಯಲ್ಲಿ ಒಬ್ಬರೂ ಇಲ್ಲವೆಂದು ಅರ್ಥವೇ? ಕೋಣೆಗೆ ಬೀಗ ಹಾಕಿದ್ದಿರಬಹುದು, ಮಕ್ಕಳು ಮೈದಾನದಲ್ಲಿರಬಹುದು, ಹುಡುಗ ದಾರಿಯಲ್ಲಿ ನೇರಳೆ ಮರ ಹತ್ತಿ ಕೆಲಸವನ್ನೇ ಮರೆತಿರಬಹುದು. ಅವನ ಮೌನವನ್ನು ಸೊನ್ನೆಯೆಂದು ತಿಳಿದು ಬೆಂಚುಗಳನ್ನು ಒಳಗಿಡಿ ಎನ್ನುವ ಮೇಷ್ಟ್ರಿಗೆ ನೀವು ಏನೆನ್ನುತ್ತಿದ್ದಿರಿ? ಮೌನಂ ಸಮ್ಮತಿ ಲಕ್ಷಣಂ ಎಂಬುದು ಮದುವೆಯ ಮಾತುಕತೆಗೆ ಆದೀತು (ಅಲ್ಲಿಯೂ ಎಷ್ಟೋ ಹೆಣ್ಣುಮಕ್ಕಳ ಬಾಳನ್ನು ಅದು ಹಾಳುಮಾಡಿದೆ), ಲೆಕ್ಕಕ್ಕೆ ಆಗುವುದಿಲ್ಲ.

ಅಂಕಪಟ್ಟಿಯಲ್ಲಿ ಪರೀಕ್ಷೆಗೆ ಬಾರದವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಗೈ’ ಎಂದು ಬರೆಯುತ್ತಿದ್ದೆವು. ಬಂದು ಬರೆದು ಏನೂ ಗಳಿಸದವನಿಗೆ ೦. ಹೊಸದಾಗಿ ಬಂದ ಸಹೋದ್ಯೋಗಿಯೊಬ್ಬರು ಒಮ್ಮೆ ಎಲ್ಲ ಗೈರುಹಾಜರಿಗೂ ಸೊನ್ನೆ ಹಾಕಿ ತರಗತಿಯ ಸರಾಸರಿ ತೆಗೆದಿದ್ದರು; ಮುಖ್ಯೋಪಾಧ್ಯಾಯರು ಪಟ್ಟಿಯನ್ನು ಹರಿಯದೆ, ಮಡಿಚಿ ಅವರ ಕೈಗೇ ಕೊಟ್ಟು, "ಮತ್ತೊಮ್ಮೆ ಬರೆಯಿರಿ" ಎಂದಷ್ಟೇ ಹೇಳಿದರು. ಈ ವ್ಯತ್ಯಾಸವನ್ನು ನಾನು ನಿಮಗೂ ಹೇಳಿಕೊಟ್ಟಿದ್ದೇನೆ. ಶೂನ್ಯಗಣವೂ ಒಂದು ಗಣ. ಗಣವೇ ಕೊಟ್ಟಿಲ್ಲವೆಂಬುದು ಬೇರೆ ಮಾತು ಎಂದು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ಅದಕ್ಕೆ ಪೂರ್ಣ ಅಂಕ ಪಡೆದವರೇ ಇಂದು ಗೈರುಹಾಜರಿಗೆ ಸೊನ್ನೆ ಹಾಕುತ್ತಿದ್ದೀರಿ.

ನನ್ನ ಮನೆಯ ಸ್ಕ್ರಿಪ್ಟಿನ ಆ ಒಂದು ಸಾಲನ್ನು ಬಿಡಿಸಿ ನೋಡೋಣ. ಡಿಸ್ಕು ಇಲ್ಲದಿದ್ದಾಗ ಅದರ ಫೋಲ್ಡರೂ ಮಾಯವಾಗಿತ್ತು. ಫೈಂಡ್ ಸುಮ್ಮನಿರಲಿಲ್ಲ. ‘ಅಂತಹ ಫೋಲ್ಡರು ಇಲ್ಲ’ ಎಂದು ಸ್ಪಷ್ಟವಾಗಿ ದೂರು ಹೇಳಿತು, ೧ ಎಂಬ ಸಂಖ್ಯೆಯನ್ನೂ ಬಿಟ್ಟುಹೋಯಿತು. ತನ್ನ ಕರ್ತವ್ಯವನ್ನು ಪೂರ್ತಿಯಾಗಿ ಮಾಡಿತು. ಆದರೆ ಬರೆದವನು ದೂರನ್ನು ‘ಡೆವ್ ನಲ್’ಗೆ ತಿರುಗಿಸಿದ್ದ; ಅದು ಯುನಿಕ್ಸಿನ ಪಾತಾಳ, ಅಲ್ಲಿಗೆ ಹಾಕಿದ್ದು ಮರಳಿ ಬಾರದು. ಏಕೆ ಹಾಗೆ ಮಾಡಿದೆಯೆಂದರೆ "ಅನಾವಶ್ಯಕ ಮೆಸೇಜ್ ಬರ್ತಿತ್ತು ಸಾರ್" ಎಂದ. ಇನ್ನು ಸಂಖ್ಯೆ? ಪಟ್ಟಿಯನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಲು ಫೈಂಡಿನ ಔಟ್‌ಪುಟನ್ನು ‘ಸಾರ್ಟ್’ಗೆ ಕೊಳವೆಯ ಮೂಲಕ ಹರಿಸಿದ್ದ. ಹೀಗೆ ಕೊಳವೆ ಹಾಕಿದಾಗ ಶೆಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕೊನೆಯ ಕಮಾಂಡಿನ ಸಂಖ್ಯೆಯನ್ನು ಮಾತ್ರ. ಸಾರ್ಟ್ ಏನೂ ಇಲ್ಲದ್ದನ್ನು ಬಹಳ ಚೆನ್ನಾಗಿ ಜೋಡಿಸಿ ೦ ಕೊಟ್ಟು ಹೋಯಿತು. ಸಾಕ್ಷಿ ಹೇಳಲು ಬಂದವನ ಬಾಯಿಗೆ ಬಟ್ಟೆ ತುರುಕಿ, ಅವನ ಸಹಿಯ ಜಾಗದಲ್ಲಿ ಇನ್ನೊಬ್ಬನಿಂದ ಸಹಿ ಹಾಕಿಸಿದಂತಾಯಿತು. ಇದನ್ನು ‘ಲಾಜಿಕ್ ಪ್ರಕಾರ ಸರಿ’ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಇದು ಹಳ್ಳಿಯ ಮೇಷ್ಟ್ರೊಬ್ಬರ ಮನೆಯಲ್ಲಿ ಮಾತ್ರ ಆಗುವ ಅನಾಹುತವೆಂದು ತಿಳಿಯಬೇಡಿ. ೨೦೧೫ರ ಜನವರಿಯಲ್ಲಿ ಸ್ಟೀಮ್ ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಆವೃತ್ತಿಯಲ್ಲಿ ಇದಕ್ಕಿಂತ ಘೋರವಾದದ್ದು ಬೆಳಕಿಗೆ ಬಂತು. ಆ ಸ್ಕ್ರಿಪ್ಟು ತಾನಿರುವ ಫೋಲ್ಡರು ಯಾವುದೆಂದು ತಿಳಿಯಲು ಅದೇ ಡಾಲರ್ ಆವರಣದೊಳಗೆ, ಆ ಫೋಲ್ಡರಿಗೆ ಹೋಗು, ಹೋಗಲು ಸಾಧ್ಯವಾದರೆ ಅದರ ವಿಳಾಸವನ್ನು ಹೇಳು ಎಂದು ಬರೆದಿತ್ತು. ಹೋಗಲಾಗದಿದ್ದರೆ? ಏನನ್ನೂ ಹೇಳುವುದಿಲ್ಲ. ಚರಾಕ್ಷರ ಖಾಲಿ. ಮುಂದೆ ಒಂದು ಕಡೆ ಆ ವಿಳಾಸದ ಕೊನೆಗೆ ಓರೆಗೆರೆ ಸೇರಿಸಿ, ಅದರ ಕೆಳಗಿರುವುದೆಲ್ಲವನ್ನೂ ಅಳಿಸು ಎಂಬ ಆದೇಶವಿತ್ತು. ಖಾಲಿ ವಿಳಾಸಕ್ಕೆ ಓರೆಗೆರೆ ಸೇರಿದರೆ ಉಳಿಯುವುದು ಓರೆಗೆರೆಯೊಂದೇ. ಯುನಿಕ್ಸಿನಲ್ಲಿ ಅದೇ ಸಮಸ್ತದ ಬೇರು. ತನ್ನ ಸ್ಟೀಮ್ ಫೋಲ್ಡರನ್ನು ಬೇರೆಡೆಗೆ ಸಾಗಿಸಿದ್ದ ಬಳಕೆದಾರನೊಬ್ಬನ ಕಡತಗಳೆಲ್ಲವೂ, ಹೊರಗಿನಿಂದ ಜೋಡಿಸಿದ್ದ ಡಿಸ್ಕಿನಲ್ಲಿದ್ದವೂ ಸೇರಿ, ಅಳಿಸಿಹೋದವು. ನನಗೆ ಬಹಳ ಕಾಡುವ ಸಂಗತಿಯೆಂದರೆ ಆ ಅಳಿಸುವ ಸಾಲಿನ ಮೇಲೆ ಬರೆದವರೇ ‘ಭಯಂಕರ’ ಎಂಬರ್ಥದ ಒಂದು ಪದವನ್ನು ಟಿಪ್ಪಣಿಯಾಗಿ ಹಾಕಿದ್ದರು. ಹೆದರಿಕೆ ಇತ್ತು, ನೋಡಿಕೊಳ್ಳುವ ಶ್ರಮ ಇರಲಿಲ್ಲ. ಆ ಚರಾಕ್ಷರದ ಹೆಸರಿನ ಪಕ್ಕದಲ್ಲಿ ಒಂದು ವಿಸರ್ಗದಂತಹ ಕೋಲನ್ನೂ ಒಂದು ಪ್ರಶ್ನಾರ್ಥಕ ಚಿಹ್ನೆಯೂ ಇದ್ದಿದ್ದರೆ, ಅದು ಖಾಲಿಯಾದಾಗ ಶೆಲ್ ತಾನಾಗಿಯೇ ನಿಂತುಬಿಡುತ್ತಿತ್ತು. ಎರಡು ಅಕ್ಷರ!

ಸ್ಟೀಮಿನವರು ಉದ್ಧರಣ ಚಿಹ್ನೆಗಳನ್ನು ಸರಿಯಾಗಿಯೇ ಹಾಕಿದ್ದರು ಎಂಬುದನ್ನು ಗಮನಿಸಿ. ನಿಮ್ಮಲ್ಲಿ ಕೆಲವರಿಗೆ ಸುರಕ್ಷತೆಯೆಂದರೆ ಅಷ್ಟೇ: ಜೋಡಿ ಉದ್ಧರಣ ಹಾಕಿದೆವು, ಮುಗಿಯಿತು. ಅದು ಬೇಕೇಬೇಕು, ಅನುಮಾನವಿಲ್ಲ. ಹಾಕದಿದ್ದರೆ ಶೆಲ್ ತನಗೆ ಬಂದ ಉತ್ತರವನ್ನು ಖಾಲಿ ಜಾಗ ಕಂಡಲ್ಲೆಲ್ಲ ತುಂಡರಿಸುತ್ತದೆ, ನಕ್ಷತ್ರ ಚಿಹ್ನೆ ಕಂಡರೆ ಅದನ್ನು ಕಡತಗಳ ಹೆಸರುಗಳಾಗಿ ಬಿಡಿಸುತ್ತದೆ. ನಾನೇ ೨೦೧೩ರಲ್ಲಿ, ಯಾರನ್ನೂ ಕೇಳದೆ, ‘ಎಲ್‌ಎಸ್’ನ ಔಟ್‌ಪುಟನ್ನು ಬರಿಮೈಯಲ್ಲಿ ಹಿಡಿದು ಒಂದೊಂದಾಗಿ ನಕಲು ಮಾಡುವ ಸ್ಕ್ರಿಪ್ಟೊಂದನ್ನು ಬರೆದಿದ್ದೆ. ‘೧೯೮೭ ಹತ್ತನೇ ತರಗತಿ ಬಿ ವಿಭಾಗ’ ಎಂಬ ಒಂದು ಕಡತ ಐದು ಕಡತಗಳಾಗಿ, ೧೯೮೭ ಇಲ್ಲ, ಹತ್ತನೇ ಇಲ್ಲ, ತರಗತಿ ಇಲ್ಲ ಎಂದು ಕಂಪ್ಯೂಟರು ಐದು ಬಾರಿ ಗೋಳಿಟ್ಟಿತು. ಗೋಳಿಟ್ಟಿತಲ್ಲ, ಅದು ನನ್ನ ಪುಣ್ಯ. ೨೦೦೧ರ ನವೆಂಬರಿನಲ್ಲಿ ಆಪಲ್ ಕಂಪನಿಯ ಐಟ್ಯೂನ್ಸ್ ೨.೦ರ ಅನುಸ್ಥಾಪನಾ ಸ್ಕ್ರಿಪ್ಟಿನಲ್ಲಿ ಹೀಗೆಯೇ ಉದ್ಧರಣ ಚಿಹ್ನೆ ಬಿಟ್ಟುಹೋಗಿ, ಡಿಸ್ಕಿನ ಹೆಸರಿನಲ್ಲಿ ಖಾಲಿ ಜಾಗವಿದ್ದ ಕೆಲವರ ಡಿಸ್ಕುಗಳೇ ಬರಿದಾದವು. ಕಂಪನಿ ಅದನ್ನು ಹಿಂತೆಗೆದುಕೊಂಡು ತಿದ್ದಿದ ಆವೃತ್ತಿಯನ್ನು ಕೊಡಬೇಕಾಯಿತು.

ಕಡತಗಳಿಗೆ ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೂ ಒಂದೆರಡು ಕಂಟಕಗಳಿವೆ. "ಇಂಗ್ಲಿಷಲ್ಲಿ, ಸ್ಪೇಸ್ ಇಲ್ದೆ ಹೆಸರಿಡಿ ಮಾವ" ಎಂದು ನನ್ನ ತಂಗಿಯ ಮಗ ಸಲಹೆ ಕೊಟ್ಟ. ಏಕಿಡಬೇಕು? ಯಂತ್ರ ನನ್ನ ಹೆಸರನ್ನು ಓದಲು ಕಲಿತಿದೆ. ಕಲಿಯದಿರುವುದು ನಡುವೆ ನಿಂತು ಸ್ಕ್ರಿಪ್ಟು ಬರೆಯುವವರು. ಈಗಿನ ಎಲ್‌ಎಸ್ ಪರದೆಯ ಮೇಲೆ ತೋರಿಸುವಾಗ ಖಾಲಿ ಜಾಗವಿರುವ ಹೆಸರುಗಳಿಗೆ ಉದ್ಧರಣ ಹಾಕಿ ತೋರಿಸುತ್ತದೆ, ಸ್ಕ್ರಿಪ್ಟಿನ ಕೈಗೆ ಕೊಡುವಾಗ ಹಾಕದೆ ಕೊಡುತ್ತದೆ. ಕಣ್ಣಿಗೆ ಕಂಡದ್ದೇ ಕೈಗೆ ಬರುತ್ತದೆಂಬ ಭರವಸೆಯೂ ಇಲ್ಲ. ಗಿಟ್ ಎಂಬ ಉಪಕರಣವನ್ನು ಕಡತಗಳ ಪಟ್ಟಿ ಕೇಳಿದರೆ, ಬೇರೆ ಸೂಚನೆ ಕೊಡದ ಹೊರತು, ಕನ್ನಡದ ‘ಕ’ ಅಕ್ಷರವನ್ನು ೩೪೦, ೨೬೨, ೨೨೫ ಎಂಬ ಮೂರು ಅಷ್ಟಮಾನ ಸಂಖ್ಯೆಗಳಾಗಿ ಬರೆದು ಸುತ್ತ ಉದ್ಧರಣ ಹಾಕಿ ಕೊಡುತ್ತದೆ. ಅದನ್ನೇ ಕಡತದ ಹೆಸರೆಂದು ನಂಬಿ ಹುಡುಕಿದರೆ ಸಿಗುವುದಾದರೂ ಹೇಗೆ? ಯುಟಿಎಫ್-೮ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟುಗಳು ಬೇಕು. ಉತ್ತರ ಉದ್ದವಾಯಿತೆಂದು ಹತ್ತು ಬೈಟಿಗೆ ಕತ್ತರಿಸಿದರೆ ಮೂರು ಸಂಕೇತಗಳು ಉಳಿದು ನಾಲ್ಕನೆಯದರ ಮೂರನೇ ಒಂದು ಭಾಗ ಕೊಳೆತ ಹಲ್ಲಿನಂತೆ ಉಳಿದುಕೊಳ್ಳುತ್ತದೆ.

ಹೆಸರಿನಲ್ಲಿ ಖಾಲಿ ಜಾಗವಷ್ಟೇ ಏಕೆ, ಹೊಸ ಸಾಲಿನ ಚಿಹ್ನೆಯೂ ಇರಬಹುದು. ಓರೆಗೆರೆ ಮತ್ತು ಶೂನ್ಯ ಬೈಟು ಎರಡನ್ನು ಬಿಟ್ಟು ಯುನಿಕ್ಸ್ ಬೇರೆ ಯಾವುದನ್ನೂ ನಿಷೇಧಿಸಿಲ್ಲ. ಆದ್ದರಿಂದ ಹೆಸರುಗಳ ಪಟ್ಟಿಯನ್ನು ಬೇರ್ಪಡಿಸಲು ತಕ್ಕ ಗೆರೆಯೆಂದರೆ ಆ ಶೂನ್ಯ ಬೈಟೇ. ಆದರೆ ಶೆಲ್ಲಿನ ಚರಾಕ್ಷರ ಶೂನ್ಯ ಬೈಟನ್ನು ಇಟ್ಟುಕೊಳ್ಳಲಾರದು. ಬ್ಯಾಶ್ ಅದನ್ನು ನುಂಗಿಬಿಡುತ್ತದೆ, ೨೦೧೬ರ ೪.೪ನೆಯ ಆವೃತ್ತಿಯಿಂದ ಈಚೆಗೆ, ನುಂಗಿದೆನೆಂದು ಒಂದು ಎಚ್ಚರಿಕೆಯನ್ನಾದರೂ ಹೇಳುತ್ತದೆ. ಔಟ್‌ಪುಟಿನ ಕೊನೆಯಲ್ಲಿರುವ ಹೊಸ ಸಾಲುಗಳನ್ನಂತೂ ಎಷ್ಟಿದ್ದರೂ ಕೇಳದೆ ಕೇಳದೆಯೇ ಒರೆಸಿಹಾಕುತ್ತದೆ. ಹಾಗಾಗಿ ಪಟ್ಟಿಯನ್ನು ಚರಾಕ್ಷರದಲ್ಲಿ ಹಿಡಿಯುವ ಹಟವನ್ನೇ ಬಿಟ್ಟು ಒಂದು ತಾತ್ಕಾಲಿಕ ಕಡತಕ್ಕೆ ಬರೆಸಿಕೊಳ್ಳುವುದು ಲೇಸು. ಸೊಗಸಲ್ಲ ಎನ್ನುವಿರಿ. ಸೊಗಸಾದ ಒಂದು ಸಾಲಿಗೆ ನಾನು ತೆತ್ತ ಬೆಲೆ ಮೇಲೆ ಹೇಳಿದೆ.

ಈಗ ನಿಮ್ಮ ಸಮಜಾಯಿಷಿಗಳು. ಒಬ್ಬ ಹೇಳಿದ: ಸ್ಕ್ರಿಪ್ಟಿನ ತಲೆಯಲ್ಲಿ ‘ಸೆಟ್ ಮೈನಸ್ ಇ’ ಎಂದು ಬರೆದಿದ್ದರೆ ಸಾಕಿತ್ತು, ತಪ್ಪಾದೊಡನೆ ನಿಲ್ಲುತ್ತಿತ್ತು. ನಿಲ್ಲುತ್ತಿರಲಿಲ್ಲ. ಕೊಳವೆಯ ಕೊನೆಯಲ್ಲಿ ಸಾರ್ಟ್ ೦ ಕೊಟ್ಟಿತ್ತಲ್ಲ. ಅದಕ್ಕೆ ‘ಪೈಪ್‌ಫೇಲ್’ ಎಂಬುದನ್ನೂ ಸೇರಿಸಬೇಕು. ಹಲವು ಶೆಲ್ಲುಗಳಲ್ಲಿ ಬಹುಕಾಲದಿಂದ ಇದ್ದ ಅದು ಪೋಸಿಕ್ಸ್ ಮಾನಕಕ್ಕೆ ಸೇರಿದ್ದು ೨೦೨೪ರಲ್ಲಷ್ಟೇ. ಅದನ್ನು ಸೇರಿಸಿದ ಮೇಲೂ, ಒಂದು ಫಂಕ್ಷನ್ನಿನೊಳಗೆ ‘ಲೋಕಲ್’ ಎಂದು ಚರಾಕ್ಷರವನ್ನು ಘೋಷಿಸುತ್ತ ಅದೇ ಸಾಲಿನಲ್ಲಿ ಕಮಾಂಡಿನ ಔಟ್‌ಪುಟನ್ನು ತುಂಬಿದರೆ, ಉಳಿಯುವ ಸಂಖ್ಯೆ ಕಮಾಂಡಿನದಲ್ಲ, ಲೋಕಲ್ಲಿನದು. ಅದು ಯಾವಾಗಲೂ ಪಾಸು. ಘೋಷಣೆ ಒಂದು ಸಾಲಿನಲ್ಲಿ, ತುಂಬುವುದು ಮತ್ತೊಂದು ಸಾಲಿನಲ್ಲಿ ಇರಬೇಕು. ಇಷ್ಟು ಸಣ್ಣ ವಿಷಯ ಎಷ್ಟು ಜನ ಅನುಭವಿಗಳಿಗೆ ತಿಳಿದಿರಲಿಲ್ಲವೆಂಬುದನ್ನು ಕಂಡು ನನಗೆ ಆಶ್ಚರ್ಯವಾಯಿತು. ಇನ್ನು ಬ್ಯಾಶ್ ಡಾಲರ್ ಆವರಣದ ಒಳಗೆ ಹೋದೊಡನೆ ಆ ಮೈನಸ್ ಇಯನ್ನು ತಾನಾಗಿಯೇ ಮರೆಯುತ್ತದೆ. ಮರೆಯಬೇಡವೆಂದು ಬೇರೆ ಸೂಚನೆ ಕೊಡಬೇಕು. ಬಾಗಿಲಿಗೆ ಬೀಗ ಹಾಕಿ ಕಿಟಕಿಗಳನ್ನು ಎಣಿಸದೆ ಮಲಗುವವರ ಭದ್ರತೆ ಇದು.

ಇನ್ನೊಬ್ಬಳು, ಬಹಳ ಜಾಣೆ, ಶೆಲ್ಲನ್ನೇ ಬಿಡಿ ಸಾರ್, ಪೈಥಾನಿನಲ್ಲಿ ಬರೆಯಿರಿ ಎಂದಳು. ಅದರಲ್ಲಿ ಸತ್ಯವಿದೆ. ೨೦೦೪ರಲ್ಲಿ ಪೈಥಾನ್ ೨.೪ರೊಡನೆ ಬಂದ ‘ಸಬ್‌ಪ್ರೊಸೆಸ್’ ಎಂಬ ಘಟಕ ಉತ್ತರ, ದೂರು, ಸಂಖ್ಯೆ ಮೂರನ್ನೂ ಬೇರೆಬೇರೆಯಾಗಿ ಕೈಗಿಡುತ್ತದೆ. ಕಮಾಂಡನ್ನೂ ಅದರ ಒಂದೊಂದು ಪದವನ್ನೂ ಪಟ್ಟಿಯಾಗಿ ಕೊಟ್ಟರೆ ನಡುವೆ ಶೆಲ್ ಬಂದು ತುಂಡರಿಸುವ ಪ್ರಶ್ನೆಯೇ ಇಲ್ಲ. ಕಡತದ ಹೆಸರಿನಲ್ಲಿ ಯಾರಾದರೂ ಕಿಡಿಗೇಡಿ ಅರ್ಧವಿರಾಮ ಹಾಕಿ ಅಳಿಸುವ ಕಮಾಂಡು ತುರುಕಿದ್ದರೂ ಅದು ಹೆಸರಾಗಿಯೇ ಉಳಿಯುತ್ತದೆ. ಆದರೆ ಅದೇ ಜಾಣೆ ಕಳಿಸಿದ ಮಾದರಿಯಲ್ಲಿ ಎಲ್ಲವನ್ನೂ ಒಂದೇ ದಾರವಾಗಿ ಹೆಣೆದು ಶೆಲ್ಲಿನ ಕೈಗೇ ಒಪ್ಪಿಸಿದ್ದಳು. ೨೦೧೫ರಲ್ಲಿ ಬಂದ ‘ರನ್’ ಎಂಬುದು ಕೂಡ, ‘ಚೆಕ್’ ಎಂದು ಕೇಳಿಕೊಳ್ಳದ ಹೊರತು, ಕಮಾಂಡು ಸೋತರೂ ಸುಮ್ಮನೆ ಮುಂದುವರಿಯುತ್ತದೆ. ಅವಳು ಕೇಳಿಕೊಂಡಿರಲಿಲ್ಲ. ಊರು ಬದಲಾಯಿತು, ಚಾಳಿ ಬದಲಾಗಲಿಲ್ಲ. ಅಷ್ಟೇ ಅಲ್ಲದೆ ಇನ್ನೊಂದು ಬಗೆಯ ಮಾದರಿಯನ್ನೂ ನೋಡಿದ್ದೇನೆ: ಕಮಾಂಡು ಮುಗಿಯಲೆಂದು ಕಾಯುವುದು, ಮುಗಿದ ಮೇಲೆ ಔಟ್‌ಪುಟನ್ನು ಓದುವುದು. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಕೊಳವೆ ಹಿಡಿಸುವುದು ೬೫,೫೩೬ ಬೈಟು. ಅದು ತುಂಬಿದರೆ ಕಮಾಂಡು ಯಾರಾದರೂ ಖಾಲಿ ಮಾಡಲೆಂದು ಕಾಯುತ್ತದೆ, ಸ್ಕ್ರಿಪ್ಟು ಕಮಾಂಡು ಮುಗಿಯಲೆಂದು ಕಾಯುತ್ತದೆ. ನೀವು ಮೊದಲು, ತಾವು ಮೊದಲು ಎಂದು ಬೀಗರು ಬಾಗಿಲಲ್ಲೇ ನಿಂತಂತೆ ಇಬ್ಬರೂ ಬೆಳಗಿನವರೆಗೆ ನಿಂತಿರುತ್ತಾರೆ.

ಮತ್ತೊಬ್ಬ, ಈಗ ಇದನ್ನೆಲ್ಲ ಯಂತ್ರವೇ ಬರೆದುಕೊಡುತ್ತದೆ ಸಾರ್ ಎಂದ. ನಾನೂ ಬರೆಸಿ ನೋಡಿದೆ. ಉದ್ಧರಣ ಚಿಹ್ನೆಗಳು ಒಂದೂ ತಪ್ಪಿಲ್ಲ. ದೂರುಗಳು ಮಾತ್ರ ನೆಟ್ಟಗೆ ಪಾತಾಳಕ್ಕೆ. ನಿಮ್ಮಂಥವರ ಬರಹವನ್ನೇ ಓದಿ ಕಲಿತದ್ದಲ್ಲವೇ!

ನಿಜವಾಗಿ ನನ್ನನ್ನು ಸುಮ್ಮನಾಗಿಸಿದ ಆಕ್ಷೇಪ ಒಂದೇ, ಅದು ತಂಗಿಯ ಮಗನದು. "ಮಾವ, ಸ್ಟೇಟಸ್ ನೋಡಿದ್ರೂ ಸಾಲ್ದು. ಡಿಸ್ಕ್ ಇಲ್ದಿದ್ರೂ ಫೋಲ್ಡರ್ ಮಾತ್ರ ಉಳಿಯೋ ಹಾಗೆ ಸೆಟಪ್ ಮಾಡಿದ್ರೆ, ಫೈಂಡ್ ಖಾಲಿ ಫೋಲ್ಡರ್ ನೋಡಿ ಸೊನ್ನೆ ಕೊಟ್ಟು ಹೋಗುತ್ತೆ." ಹೌದು. ಹುಡುಗ ಪಕ್ಕದ ಕೋಣೆಗೆ ಹೋದ, ಖಾಲಿ ಬೆಂಚುಗಳನ್ನು ಕಂಡ, ಪ್ರಾಮಾಣಿಕವಾಗಿ ಬಂದು ಸೊನ್ನೆ ಎಂದ. ತಪ್ಪು ಕೋಣೆಗೆ ಹೋಗಿದ್ದ, ಅಷ್ಟೇ. ‘ಆರ್‌ಸಿಂಕ್’ ಎಂಬ ಹಳೆಯ ಉಪಕರಣವಿದೆ. ಮೂಲವನ್ನು ಓದುವಾಗ ದೋಷ ಕಂಡುಬಂದರೆ ಅದು ಅಳಿಸುವ ಕೆಲಸವನ್ನೇ ಕೈಬಿಡುತ್ತದೆ. ಅಂತಹ ವಿವೇಕಿಯೂ ಈ ಖಾಲಿ ಕೋಣೆಯ ಮುಂದೆ ಮೋಸ ಹೋಗುತ್ತಾನೆ. ಇಷ್ಟು ಜನರನ್ನು ಮೀರಿ ಅಳಿಸಬೇಡ ಎಂದು ಅದಕ್ಕೆ ಮಿತಿ ಹಾಕುವ ಸೌಲಭ್ಯವಿದೆ, ಹಾಕುವವರು ಬೇಕು.

ಆದ್ದರಿಂದ ಸಂಖ್ಯೆಯನ್ನು ನೋಡುವುದು ಮೊದಲ ಹೆಜ್ಜೆ. ಬಂದ ಉತ್ತರ ನಂಬುವಂಥದ್ದೇ ಎಂದು ನೋಡುವುದು ಎರಡನೆಯದು. ಗಣಿತದಲ್ಲಿ ಇದನ್ನು ನಾವು ತಾಳೆ ನೋಡುವುದು ಎನ್ನುತ್ತಿದ್ದೆವು. ರೈತನ ಹೊಲದ ವಿಸ್ತೀರ್ಣ ಋಣ ಸಂಖ್ಯೆ ಬಂದರೆ ಲೆಕ್ಕದ ಕ್ರಮ ಎಷ್ಟೇ ಸರಿಯಾಗಿ ಕಂಡರೂ ಎಲ್ಲೋ ತಪ್ಪಿದೆ. ನಿನ್ನೆ ರಾತ್ರಿ ೪೧೨ ಇದ್ದದ್ದು ಇಂದು ರಾತ್ರಿ ೦ ಆಗಿದೆಯೆಂದರೆ, ಏಳನೆಯ ತರಗತಿಯ ಮಗುವೂ "ಇರಿ ಸಾರ್, ಇನ್ನೊಂದ್ಸಲ ಎಣಿಸ್ತೀನಿ" ಎನ್ನುತ್ತದೆ.

ಈಗ ನನ್ನ ಮನೆಯಲ್ಲಿ ನಡೆಯುತ್ತಿರುವ ಸ್ಕ್ರಿಪ್ಟನ್ನು ನಾನೇ ಬರೆದಿದ್ದೇನೆ. ಎರಡು ತಿಂಗಳು ಹಿಡಿಯಿತು, ನಗಬೇಡಿ. ಮೂಲ ಡಿಸ್ಕಿನಲ್ಲಿ ‘ನಾನೇ ಅದು’ ಎಂಬ ಹೆಸರಿನ ಒಂದು ಪುಟ್ಟ ಕಡತವಿದೆ. ಅದು ಕಾಣದಿದ್ದರೆ ಸ್ಕ್ರಿಪ್ಟು ಅಲ್ಲಿಯೇ ನಿಲ್ಲುತ್ತದೆ. ಫೈಂಡ್ ಒಬ್ಬನೇ, ಕೊಳವೆಯಿಲ್ಲದೆ, ಶೂನ್ಯ ಬೈಟುಗಳಿಂದ ಬೇರ್ಪಡಿಸಿದ ಪಟ್ಟಿಯನ್ನು ತಾತ್ಕಾಲಿಕ ಕಡತಕ್ಕೆ ಬರೆಯುತ್ತಾನೆ. ಅವನ ಸಂಖ್ಯೆಯನ್ನು ಆ ಕ್ಷಣದಲ್ಲೇ ನೋಡುತ್ತೇನೆ. ಅವನ ದೂರುಗಳು ಮತ್ತೊಂದು ಕಡತಕ್ಕೆ ಹೋಗುತ್ತವೆ. ಉತ್ತರದೊಡನೆ ಬೆರೆಸುವುದಿಲ್ಲ, ಬೆರೆಸಿದರೆ ‘ಫೋಲ್ಡರು ಇಲ್ಲ’ ಎಂಬ ವಾಕ್ಯವೇ ಒಂದು ಕಡತದ ಹೆಸರಾಗಿ ಕುಳಿತೀತು. ಎಣಿಕೆ ಹಿಂದಿನ ರಾತ್ರಿಯ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಕಡಿಮೆಯಾದರೆ ಏನನ್ನೂ ಮುಟ್ಟದೆ ನನಗೆ ತಿಳಿಸುತ್ತದೆ. ಹೆಸರು ಅಡ್ಡಗೆರೆಯಿಂದ ಆರಂಭವಾದರೆ ಅದನ್ನು ಕಮಾಂಡುಗಳು ಸೂಚನೆಯೆಂದು ತಿಳಿಯದಂತೆ ಮೊದಲು ಎರಡು ಅಡ್ಡಗೆರೆ ಹಾಕಿದ್ದೇನೆ. ಅಳಿಸುವುದಂತೂ ಇಲ್ಲವೇ ಇಲ್ಲ. ಅಂದಿನ ದಿನಾಂಕದ ಫೋಲ್ಡರಿಗೆ ಸರಿಸುತ್ತದೆ, ತಿಂಗಳಿಗೊಮ್ಮೆ ನಾನೇ ಕುಳಿತು ನೋಡುತ್ತೇನೆ. ಮೂವತ್ತು ಸಾಲು ತೊಂಬತ್ತಾರಾಗಿದೆ. ಹೆಚ್ಚಾದ ಅರವತ್ತಾರು ಸಾಲೂ ಅನುಮಾನಕ್ಕೆ ಮೀಸಲು. ಮೂಲ ಸ್ಕ್ರಿಪ್ಟಿನ ಕರ್ತೃ ದಸರೆಗೆ ಬಂದಾಗ ಅದನ್ನು ಓದಿ, ಒಂದು ಕಡೆ ನಾನು ಉದ್ಧರಣ ಮರೆತಿದ್ದುದನ್ನು ತೋರಿಸಿಕೊಟ್ಟ. ತಿದ್ದಿಕೊಂಡೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಫೀಸಲ್ಲಿರೋ ನನ್ನ ಸ್ಕ್ರಿಪ್ಟ್‌ಗಳನ್ನೂ ಒಂದ್ಸಲ ನೋಡ್ಬೇಕು ಸಾರ್" ಎಂದ.

ಮೈಸೂರಿನ ಅಂಗಡಿಯವರು ಸತ್ತ ಡಿಸ್ಕಿನಿಂದ ೨೭೧ ಚಿತ್ರಗಳನ್ನು ಎತ್ತಿಕೊಟ್ಟರು. ನಿಮ್ಮಲ್ಲಿ ಹಲವರು ಮನೆಯ ಗೋಡೆಯಿಂದ, ಟ್ರಂಕಿನಿಂದ, ಅಮ್ಮನ ಸೀರೆಯ ಮಡಿಕೆಯಿಂ ದ ತೆಗೆದು ಕಳಿಸಿದ್ದು ೯೬. ಇನ್ನೂ ೪೫ ಬೇಕು. ಅವುಗಳಲ್ಲಿ ೧೯೮೭ರ ಹತ್ತನೇ ತರಗತಿ ಬಿ ವಿಭಾಗದ ಚಿತ್ರವೂ ಒಂದು. ಹಿಂದಿನ ಸಾಲಿನ ಎಡತುದಿಯಲ್ಲಿ ನಿಂತಿದ್ದ ಹುಡುಗ ಮರುವರ್ಷವೇ ಹೊಳೆಯಲ್ಲಿ ಹೋದ. ಅವನ ತಾಯಿ ಈಗಲೂ ನಮ್ಮೂರಿನಲ್ಲೇ ಇದ್ದಾರೆ, ಬೇರೆ ಯಾವ ಚಿತ್ರವೂ ಅವರಲ್ಲಿಲ್ಲ. ನಾನು ಕೊಟ್ಟಿದ್ದ ಪ್ರತಿ ಮಳೆಗೆ ನೆನೆದು ಹಾಳಾಗಿ, ಇನ್ನೊಂದು ಮಾಡಿಸಿಕೊಡಿ ಮೇಷ್ಟ್ರೇ ಎಂದು ಅವರು ಬಂದು ಕೇಳಿದ್ದು ಆ ರಾತ್ರಿಯ ನಂತರದ ವಾರ. ಆ ತಂಡದ ೩೮ ಮಂದಿಯಲ್ಲಿ ೨೨ ಮಂದಿಯನ್ನು ಇದುವರೆಗೆ ವಿಚಾರಿಸಿದ್ದೇನೆ. ಉಳಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಮನೆಯಲ್ಲಿ ಒಮ್ಮೆ ಹುಡುಕಿ. ಸಿಕ್ಕಿದರೆ ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸಿದರೂ ಆದೀತು. ಕಡತಕ್ಕೆ ಯಾವ ಹೆಸರಿಟ್ಟರೂ ಚಿಂತೆಯಿಲ್ಲ, ಎಷ್ಟು ಖಾಲಿ ಜಾಗಗಳಿದ್ದರೂ ಸರಿ. ಹುಡುಕಿಯೂ ಸಿಗದಿದ್ದರೆ, ಸಿಗಲಿಲ್ಲವೆಂದು ಒಂದು ಸಾಲು ಬರೆಯಿರಿ.